ಏನೋ ಹೇಳಿ ಸಾಯುತ್ತಾನೆ

ಮಾರ್ಚ್ ೩, ಸೋಮವಾರ

ಎಲೈ ದಿನಚರಿಯೇ, ಕಿವಿಯಿದ್ದರೆ ನಿಮಿರಿಸು! ಆರು ತಿಂಗಳಿಂದ ಹಲ್ಲುಪುಡಿಗೂ ಮಂಡಿನೋವಿನ ಮುಲಾಮಿಗೂ ಕಂಠದಾನ ಮಾಡಿ ಬಳಲಿದ್ದ ಈ ರಂಗಕೇಸರಿಗೆ ಇಂದು ಪಾತ್ರವೊಂದು ಒಲಿದಿದೆ. ದೂರದ ಯಾವುದೋ ದೇಶದ ಯುದ್ಧದ ಸಿನಿಮಾ. ನಮ್ಮ ಭಾಷೆಗೆ ಡಬ್ ಆಗುತ್ತಿದೆ. ಅದರಲ್ಲೊಬ್ಬ ಮುದಿ ಸುಬೇದಾರ. ಕಥೆಯುದ್ದಕ್ಕೂ ಹುಡುಗರನ್ನು ಗದರಿಸುತ್ತಾನೆ, ನಗಿಸುತ್ತಾನೆ, ಕೊನೆಗೆ ಸಾಯುತ್ತಾನೆ. ಬಾಯಿ ಅವನದು, ಧ್ವನಿ ನನ್ನದು!

ಸಾಯುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ರಾಜನಾಗಿ ಮೆರೆದು ನಾಲ್ಕುನೂರ ಹನ್ನೆರಡು ಸಲ ರಂಗದ ಮೇಲೆ ಸತ್ತವನು ನಾನು. ಎದೆಗೆ ಬಾಣ ನಾಟಿದ ಮೇಲೂ ಹನ್ನೊಂದು ನಿಮಿಷ ಮಾತಾಡಿದವನು. ಜನ 'ಒನ್ಸ್ ಮೋರ್' ಎಂದರೆ ಎದ್ದು, ಧೂಳು ಕೊಡವಿಕೊಂಡು, ಮತ್ತೊಂದು ಬಾಣ ನಾಟಿಸಿಕೊಂಡು ಸತ್ತವನು!

ಸಂಭಾಷಣೆಯ ಹಾಳೆ ಕೈಗೆ ಬಂದದ್ದೇ ತಡ, ಸಾವಿನ ಪುಟಕ್ಕೆ ಹಾರಿದೆ. ಅನುವಾದಕ ಮಹಾಶಯ ಬರೆದಿರುವುದು ಇಷ್ಟೇ: 'ಸುಬೇದಾರ: (ಏನೋ ಹೇಳಿ ಸಾಯುತ್ತಾನೆ.)'

"ಇದೇನ್ರೀ ಇದು? ಏನೋ ಅಂದ್ರೆ ಏನು?" ಎಂದು ಗುಡುಗಿದೆ.

ಸೌಂಡ್ ಇಂಜಿನಿಯರಮ್ಮ ಕನ್ನಡಕದ ಮೇಲಿಂದ ನೋಡಿದರು. ಐವತ್ತು ದಾಟಿದ ಹೆಂಗಸು. ಮೀಟರಿನ ಮುಳ್ಳಿನಿಂದ ಕಣ್ಣು ಕೀಳದ ಅವರಿಗೆ ನಾನಿಟ್ಟ ಹೆಸರು ಮೀಟರಮ್ಮ.

"ಮೂಲದಲ್ಲೇ ಕೇಳ್ಸಲ್ಲ ಸಾರ್. ಗುಂಡಿನ ಸದ್ದು. ಬರೀ ತುಟಿ ಅಲ್ಲಾಡುತ್ತೆ. ನೀವೇ ಏನಾದ್ರೂ ಹೊಂದಿಸ್ಕೊಳ್ಳಿ."

ನಾನೇ! ಇಡೀ ಸಾವನ್ನು ನನ್ನ ಕೈಗೆ ಒಪ್ಪಿಸಿಬಿಟ್ಟರು! ಸಂಜೆಯೊಳಗೆ ಹದಿನಾಲ್ಕು ಸಾಲು ಬರೆದು, ಕನ್ನಡಿಯ ಮುಂದೆ ನಿಂತು ಸತ್ತು ನೋಡಿದೆ. ಮೇಲ್ಮನೆಯ ವಕೀಲರು ಎಂದಿನಂತೆ ಊರುಗೋಲಿನಿಂದ ನೆಲ ಕುಟ್ಟಿದರು. ಒಳಕೋಣೆಯಿಂದ ಅತ್ತಿಗೆ, "ಮಹಾರಾಜ, ಸತ್ತಾಗಿದ್ರೆ ಹೋಗಿ ಗ್ಯಾಸ್ ಆಫ್ ಮಾಡು, ಹಾಲು ಉಕ್ತಾ ಇದೆ" ಎಂದರು.

ಮಾರ್ಚ್ ೪, ಮಂಗಳವಾರ

ಇಂದು ಸ್ಟುಡಿಯೋದಲ್ಲಿ ಇಡೀ ಚಿತ್ರ ಹಾಕಿ ತೋರಿಸಿದರು. ಹನ್ನೆರಡು ಹುಡುಗರು ಗುಡ್ಡ ಹತ್ತುತ್ತಾರೆ, ಮೂವರು ಇಳಿಯುತ್ತಾರೆ. ನಡುವೆ ಒದ್ದೆ ಕಾಲುಚೀಲ ಒಣಗಿಸುವುದು, ಒಂದೇ ಸಿಗರೇಟನ್ನು ನಾಲ್ವರು ಸೇದುವುದು, ಓದು ಬಾರದವನ ಪತ್ರವನ್ನು ಇನ್ನೊಬ್ಬ ಓದಿ ಹೇಳುವುದು. ಕೊನೆಗೆ ನನ್ನ ಸುಬೇದಾರ ಕಂದಕದಲ್ಲಿ ಒರಗಿ, ತಂತಿ ಕಡಿದುಹೋದ ಫೋನನ್ನು ಕಿವಿಗೆ ಹಿಡಿದು, ತುಟಿ ಅಲ್ಲಾಡಿಸಿ, ಹೋಗಿಬಿಡುತ್ತಾನೆ. ಅಷ್ಟೇ! ಪದ್ಯವಿಲ್ಲ, ಪ್ರತಿಜ್ಞೆಯಿಲ್ಲ, ತಾಯ್ನೆಲಕ್ಕೊಂದು ನಮಸ್ಕಾರವಿಲ್ಲ.

ಆದರೂ ಕತ್ತಲೆಯಲ್ಲಿ ಎಲ್ಲ ಕಡೆಯಿಂದಲೂ ಮೂಗೆಳೆಯುವ ಸದ್ದು. ಕಸ ಗುಡಿಸುವಾಕೆ ಪೊರಕೆ ಹಿಡಿದು ನಿಂತಲ್ಲೇ ಅತ್ತಳು. ಮೀಟರಮ್ಮ ಇದನ್ನು ಇಪ್ಪತ್ತು ಸಲವಾದರೂ ನೋಡಿದ್ದಾರಂತೆ. ಅವರ ಸೆರಗೂ ಒದ್ದೆ.

"ಏಸಿ ಸಾರ್. ಕಣ್ಣಿಗೆ ಹೊಡೆಯುತ್ತೆ."

ನನಗೆ? ಒಂದು ಹನಿಯೂ ಬರಲಿಲ್ಲ. ಮಾತೇ ಇಲ್ಲದೆ ಅಳಿಸುವುದು ಮೋಸದಾಟ. ಅಂಥ ಅಳುವಿಗೆ ನಾನು ಬೀಳುವವನಲ್ಲ.

ತುಟಿಯ ಲೆಕ್ಕ ಹಾಕಿದೆವು. ಮೊದಲು ತುಟಿ ಅಗಲವಾಗುತ್ತದೆ, ಆಮೇಲೆ ಬಾಯಿ ತೆರೆದು ಹಾಗೆಯೇ ನಿಲ್ಲುತ್ತದೆ. ಒಟ್ಟು ಒಂದು ಸೆಕೆಂಡ್. ನನ್ನ ಹದಿನಾಲ್ಕು ಸಾಲಿಗೆ ಎರಡು ನಿಮಿಷ ನಲವತ್ತು ಸೆಕೆಂಡ್.

ಮನೆಗೆ ಬಂದು ಅತ್ತಿಗೆಗೆ ಅಭಿನಯಸಮೇತ ಕಥೆ ಹೇಳಿದೆ. ಅವರು ಯುದ್ಧದ ಸಿನಿಮಾಕ್ಕೆ ಹೋಗುವುದಿಲ್ಲ. ಅಣ್ಣ ಯುದ್ಧದಲ್ಲಿ ಹೋಗಿ ಮೂವತ್ತನಾಲ್ಕು ವರ್ಷ. ಅಂದಿನಿಂದ ಒಂದಕ್ಕೂ ಹೋಗಿಲ್ಲ. ನನ್ನ ಅಭಿನಯವೆಲ್ಲ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಸಾಯೋವಾಗ ಫೋನ್ ಹಿಡ್ಕೊಂಡಿದ್ನಾ?"

"ಹೌದು. ಯಾಕೆ?"

"ಸುಮ್ನೆ ಕೇಳ್ದೆ."

ಮಾರ್ಚ್ ೫, ಬುಧವಾರ

ಹದಿನಾಲ್ಕು ಸಾಲನ್ನು ಕಡಿದು ಕಡಿದು ಒಂದು ಪದಕ್ಕೆ ಇಳಿಸಿದೆ: 'ತಾಯ್ನೆಲವೇ!' ಮೈಕಿನ ಮುಂದೆ ನಿಂತೆ. ಹೊಕ್ಕುಳಿಂದ ಉಸಿರೆಳೆದೆ. ಬಿಟ್ಟೆ.

"ಒನ್ಸ್ ಮೋರ್ ಸಾರ್."

ಆಹಾ! ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಗಾಜಿನಾಚೆಯ ಮೀಟರಮ್ಮನಿಗೆ ತಲೆಬಾಗಿ ಕೈಮುಗಿದೆ.

"ಅಯ್ಯೋ, ಚೆನ್ನಾಗಿತ್ತು ಅಂತಲ್ಲ ಸಾರ್. ಸರಿ ಹೋಗ್ಲಿಲ್ಲ ಅಂತ. ಮುಳ್ಳು ಕೆಂಪಿಗೆ ಹೋಯ್ತು."

"ಕೆಂಪಿಗೆ ಹೋದ್ರೆ ಏನಂತೆ? ವೀರಮರಣ ಅಲ್ವೇನ್ರೀ!"

"ಮೈಕಿಗೆ ವೀರ ಗೀರ ಗೊತ್ತಾಗಲ್ಲ ಸಾರ್. ಮೆಲ್ಲಗೆ ಸಾಯಿರಿ."

ಮೆಲ್ಲಗೆ! ಮೆಲ್ಲಗೆ ಸತ್ತರೆ ಹಿಂದಿನ ಸಾಲಿನಲ್ಲಿ ಕೂತವನಿಗೆ ಏನು ಸಿಗುತ್ತದೆ? ಅವನದೂ ಟಿಕೆಟ್ಟೇ ತಾನೆ? ಹೀಗೆಂದು ವಾದಿಸಿದೆ. ಮೀಟರಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, "ಸಾರ್, ಆ ಮೈಕು ನಿಮ್ಮ ಬಾಯಿಂದ ಒಂದು ಗೇಣು ದೂರ ಇದೆ. ಇಲ್ಲಿ ಹಿಂದಿನ ಸಾಲೇ ಇಲ್ಲ" ಎಂದರು.

ಮಾರ್ಚ್ ೬, ಗುರುವಾರ

ಹತ್ತೊಂಬತ್ತು ಸಲ ಸತ್ತೆ. ಒಂದೂ ಸರಿಹೋಗಲಿಲ್ಲ. ಉಪ್ಪುನೀರು ಮುಕ್ಕಳಿಸಿ ಮಲಗಿದೆ.

ಮಾರ್ಚ್ ೮, ಶನಿವಾರ

ನಿಜ ಬರೆಯುತ್ತೇನೆ. ಇಲ್ಲಂತೂ ಪ್ರೇಕ್ಷಕರಿಲ್ಲ.

ಮುಳ್ಳಿನದಲ್ಲ ತೊಂದರೆ. ಆ ಹಾಳೆಯ 'ಏನೋ ಹೇಳಿ' ಎಂಬ ಸಾಲಿನದು. ಅದನ್ನು ನಾನು ಮೊದಲೇ ಒಮ್ಮೆ ಓದಿದ್ದೇನೆ.

ಅಣ್ಣ ಹೋದ ಹದಿನೈದು ದಿನಕ್ಕೆ ಅವನ ಜೊತೆಗಿದ್ದ ಸೈನಿಕನಿಂದ ಪತ್ರ ಬಂತು. ಮನೆಯಲ್ಲಿ ಪತ್ರ ಓದುವ ಹಕ್ಕು ನನ್ನದು, ಧ್ವನಿ ಇದ್ದವನು ನಾನೇ ಅಲ್ಲವೆ? ಅಮ್ಮ, ಅತ್ತಿಗೆ, ಅಕ್ಕಪಕ್ಕದವರು, ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಓದುತ್ತಾ ಹೋದೆ. ಕೊನೆಯಲ್ಲಿ ಹೀಗಿತ್ತು: 'ಅವರು ಏನೋ ಹೇಳಿದರು. ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕ್ಷಮಿಸಿ.'

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಸಾಲನ್ನು ಅವಳಿಗೆ ಹೇಗೆ ಓದಲಿ? ಆ ವಾರ ನಾನು ಆಡುತ್ತಿದ್ದ ನಾಟಕದ ಮಾತು ಬಾಯಿಗೆ ಬಂತು. ಓದಿದವನಂತೆ ನುಡಿದುಬಿಟ್ಟೆ: "ತಾಯೇ, ನಿನ್ನ ಮಡಿಲೇ ನನ್ನ ಸಿಂಹಾಸನ!"

ಅಮ್ಮ ಅತ್ತಳು, ನೆರೆಯವರು ಅತ್ತರು. ಒಬ್ಬರಂತೂ ಚಪ್ಪಾಳೆಗೆ ಕೈಯೆತ್ತಿ ತಡೆದುಕೊಂಡರು. ಆಮೇಲೆ ಉದ್ಯಾನದಲ್ಲಿ ಹುತಾತ್ಮರ ಕಲ್ಲು ನಿಂತಾಗ ಅಮ್ಮನ ಆಸೆಯಂತೆ ಅಣ್ಣನ ಹೆಸರಿನ ಕೆಳಗೆ ಅದನ್ನೇ ಕೆತ್ತಿಸಿದರು. ಅಲ್ಲಿ ಹನ್ನೊಂದು ಹೆಸರಿದೆ; ಮಾತಿರುವುದು ಅಣ್ಣನಿಗೆ ಮಾತ್ರ. ಪ್ರತಿವರ್ಷ ಸ್ಮರಣೆಯ ದಿನ ನಾನು ಅಲ್ಲಿ ನಿಂತು ಆ ಮಾತನ್ನು ಗುಡುಗುತ್ತೇನೆ. ಜನ ಅಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅತ್ತಿಗೆ ಮಾತ್ರ ಅಳುವುದಿಲ್ಲ.

ಪತ್ರ ಈಗಲೂ ನನ್ನ ವೇಷದ ಪೆಟ್ಟಿಗೆಯ ತಳದಲ್ಲಿ, ಕಿರೀಟದ ಕೆಳಗಿದೆ. ಅತ್ತಿಗೆಗೆ ಗೊತ್ತಾದರೆ? ಅವರಿಗೆ ಸಲ್ಲಬೇಕಾದ ಗಂಡನ ಕೊನೆಯ ಮೌನವನ್ನು ಕದ್ದು, ಅಲ್ಲಿ ನನ್ನ ಸಂಭಾಷಣೆ ತುರುಕಿದವನು ನಾನು.

ಹದಿನಾರಕ್ಕೆ, ಭಾನುವಾರ, ಮತ್ತೆ ಸ್ಮರಣೆಯ ದಿನ.

ಮಾರ್ಚ್ ೧೦, ಸೋಮವಾರ

ಗುರುವಾರದೊಳಗೆ ಸಾಯದಿದ್ದರೆ ಸುಬೇದಾರನನ್ನು ಬೇರೆಯವರಿಗೆ ಕೊಡುತ್ತಾರಂತೆ. ಯಾರಿಗೆ ಗೊತ್ತೆ? ಸೋಪಿನ ಜಾಹೀರಾತಿನ ಆ ಜೇನುಗಂಟಲಿನವನಿಗೆ! ಕಂದಕದಲ್ಲಿ ಬಿದ್ದು, 'ಮೃದುವಾದ ತ್ವಚೆಗಾಗಿ' ಎನ್ನುವ ಧಾಟಿಯಲ್ಲಿ ಪ್ರಾಣ ಬಿಡುತ್ತಾನೆ ಅವನು.

ವಕೀಲರು ಇವತ್ತು ಎರಡೇ ಸಲ ಕುಟ್ಟಿದರು.

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನ ಅತ್ತಿಗೆ ಬಟಾಣಿ ಸುಲಿಯುತ್ತಿದ್ದರು. ನಾನೂ ಕೂತೆ. ನಾಲ್ಕು ಕಾಯಿ ಸುಲಿದ ಮೇಲೆ ಹೇಳಿಬಿಟ್ಟೆ.

"ಅತ್ತಿಗೆ, ಅಣ್ಣ ಸಿಂಹಾಸನ ಅನ್ನಲಿಲ್ಲ."

"ಗೊತ್ತು."

"ಪತ್ರದಲ್ಲಿ ಆ ಮಾತು ಇರ್ಲೇ ಇಲ್ಲ."

"ಗೊತ್ತು ಅಂದ್ನಲ್ಲ. ಕಾಯಿ ನೋಡಿ ಸುಲಿ, ಹುಳ ಇರುತ್ತೆ."

ನನ್ನ ಕೈಯಲ್ಲಿದ್ದ ಬಟಾಣಿಯೆಲ್ಲ ನೆಲಕ್ಕೆ ಉರುಳಿತು.

"ನಿನ್ನ ರಾಜನ ಅಂಗಿಗೆ ಗುಂಡಿ ಹಾಕ್ಕೊಡ್ತಿದ್ದವಳು ಯಾರು ಮಹಾರಾಜ? ಪೆಟ್ಟಿಗೆ ತೆಗೀದೆ ಗುಂಡಿ ಹಾಕೋಕಾಗುತ್ತಾ? ಪತ್ರ ಬಂದ ವಾರದಲ್ಲೇ ಓದಿದ್ದೀನಿ. ಅಲ್ಲಯ್ಯಾ, ಸೇರಿಸೋದು ಸೇರಿಸಿದೆ, ಸಿಂಹಾಸನ ಯಾಕೆ ಸೇರಿಸಿದೆ? ನಿಮ್ಮಣ್ಣ ಕುರ್ಚಿಗೂ 'ಅದನ್ನ ಈ ಕಡೆ ಎಳಿ' ಅನ್ನೋರು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ಅತ್ತೆಗೆ ಆ ಮಾತು ಬೇಕಾಗಿತ್ತು. ಅವರು ಹೋದ ಮೇಲೆ ನಿನಗೆ ಬೇಕಾಗಿತ್ತು."

ಬಗ್ಗಿ ಬಟಾಣಿ ಹೆಕ್ಕಿದೆ. ಹೆಕ್ಕುತ್ತಿದ್ದರೆ ಮುಖ ತೋರಿಸಬೇಕಾಗುವುದಿಲ್ಲ.

"ಅವನು ಏನು ಹೇಳಿರಬಹುದು ಅತ್ತಿಗೆ?"

ಅತ್ತಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಅವರು ಮಾತಾಡಿದರೆ ಎದುರಿನವನು ತಾನಾಗಿಯೇ ಕಿವಿ ಹತ್ತಿರ ತರಬೇಕು.

"ಗಡಿಯಿಂದ ಕಾಲ್ ಬುಕ್ ಮಾಡೋರು. ನನ್ನ ಪಾಳಿ ನೋಡ್ಕೊಂಡೇ ಮಾಡೋರು, ನಾನೇ ಎತ್ಲಿ ಅಂತ. ಮೂರು ನಿಮಿಷ. ಹಿಂದೆ ಮೇಲ್ವಿಚಾರಕಿ ನಿಂತಿರೋಳು. ಮುಗಿದ ತಕ್ಷಣ ನಮ್ಮವರಿಗೆ ನಾನೇ ಹೇಳ್ಬೇಕು, 'ಮೂರು ನಿಮಿಷ ಆಯ್ತು ಸಾರ್' ಅಂತ."

"ಸಾರ್ ಅಂತಿದ್ರಾ?"

"ಡ್ಯೂಟಿಯಪ್ಪಾ! ಆಗ ಅವರು ಕೇಳೋರು, 'ಇಡ್ಲಾ?' ಅಂತ. ನಾನು ಮಾತಾಡ್ತಿರ್ಲಿಲ್ಲ. ಮತ್ತೆ 'ಇಡ್ಲಾ?' ಅನ್ನೋರು. ನಾನು ಇಡಿ ಅನ್ನೋವರ್ಗೂ ಅವರು ಇಡಲ್ಲ. ನಾನು ಅನ್ನಲ್ಲ. ಹಾಗೇ ಕಾಯ್ತಾ ಇದ್ವಿ, ಲೈನ್ ತಾನಾಗೇ ಹೋಗೋವರ್ಗೂ." ಅತ್ತಿಗೆ ನಕ್ಕರು. "ಒಂದು ದಿನಾನೂ ಇಡಿ ಅನ್ನಲಿಲ್ಲ. ಯಾಕೆ ಅನ್ಲಿ?"

ಬಟಾಣಿ ಒಂದು ಪಾತ್ರೆ ಆಯಿತು.

ಮಾರ್ಚ್ ೧೩, ಗುರುವಾರ

ಸ್ಟುಡಿಯೋಗೆ ನಡೆದೇ ಹೋದೆ. ದಾರಿಯಲ್ಲಿ ಏನನ್ನೂ ಅಭ್ಯಾಸ ಮಾಡಲಿಲ್ಲ.

ಪರದೆಯ ಮೇಲೆ ಸುಬೇದಾರ ಫೋನನ್ನು ಕಿವಿಗೆ ಹಿಡಿದ. ಮೊದಲು ತುಟಿ ಅಗಲ, ಆಮೇಲೆ ಬಾಯಿ ತೆರೆದು ನಿಲ್ಲುವುದು. ನಾನು ಹೇಳಿದೆ: "ಇಡ್ಲಾ?"

ಗಾಜಿನಾಚೆ ಮೀಟರಮ್ಮ ಮೀಟರನ್ನು ಬೆರಳಿನಿಂದ ತಟ್ಟಿ ನೋಡಿದರು.

"ಮುಳ್ಳು ಏಳ್ಲೇ ಇಲ್ಲ ಸಾರ್. ರೆಕಾರ್ಡ್ ಆಯ್ತೋ ಇಲ್ವೋ, ತಾಳಿ."

ಹಾಕಿ ಕೇಳಿದರು. ಆಗಿತ್ತು. ಒನ್ಸ್ ಮೋರ್ ಎನ್ನಲಿಲ್ಲ. ಎದ್ದು, ಬೆನ್ನು ತಿರುಗಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತರು.

"ಏಸಿ" ಎಂದರು.

ಏಸಿ ಕೆಟ್ಟು ಎರಡು ದಿನವಾಗಿದೆ.

ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ಅತ್ತಿಗೆಯನ್ನು ಒಂದು ಮಾತು ಕೇಳಲಿಲ್ಲ. ಆಗ ನನ್ನ ಮಾತನ್ನು ಅಣ್ಣನ ಬಾಯಿಗೆ ಹಾಕಿದೆ. ಈಗ ಅಣ್ಣನ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕಿದೆ. ಕೈಯ ಚಾಳಿ. ಭಾನುವಾರ ಕಳೆದ ಮೇಲೆ ಹೇಳಿದರಾಯಿತು.

ಮಾರ್ಚ್ ೧೬, ಭಾನುವಾರ

ಉದ್ಯಾನದಲ್ಲಿ ನೂರು ಕುರ್ಚಿ, ಒಂದು ಮೈಕು, ಹೂವಿನ ಚಕ್ರ. ನನ್ನ ಸರದಿ ಬಂತು. ಕಲ್ಲಿನ ಪಕ್ಕ ನಿಂತು ಹೇಳಿದೆ:

"ಅಣ್ಣನ ಹೆಸರಿನ ಕೆಳಗಿರೋ ಮಾತು ಅವನದಲ್ಲ. ನಾನು ಸೇರಿಸಿದ್ದು. ನನ್ನ ನಾಟಕದ್ದು."

ಮೂರನೆಯ ಸಾಲಿನಿಂದ ನಿವೃತ್ತ ಪೋಸ್ಟ್‌ಮಾಸ್ಟರು, "ಗೊತ್ತು ಬಿಡಿ ಸ್ವಾಮಿ, ಆ ನಾಟಕ ನಾವೂ ನೋಡಿದ್ವಿ. ಎರಡನೇ ಅಂಕ!" ಎಂದರು. ಜನ ಗೊಳ್ಳೆಂದು ನಕ್ಕರು. ಮೂವತ್ತನಾಲ್ಕು ವರ್ಷ ನಾನೊಬ್ಬನೇ ಹೊತ್ತುಕೊಂಡಿದ್ದ ಗುಟ್ಟು ಇಡೀ ಊರಿಗೇ ಗೊತ್ತಿತ್ತು!

ಹೇಗೂ ನಾಟಕ ಕೆಟ್ಟಿತ್ತು. ಮನಸ್ಸಿಗೆ ಬಂದದ್ದನ್ನು ಕೇಳಿದೆ: ನಿಮ್ಮ ನಿಮ್ಮವರು ಮನೆಯಲ್ಲಿದ್ದಾಗ ಏನನ್ನುತ್ತಿದ್ದರು? ದೊಡ್ಡ ಮಾತು ಬೇಡ, ದಿನಾ ಆಡುತ್ತಿದ್ದ ಮಾತು ಸಾಕು.

ಒಬ್ಬ ಅಕ್ಕ ಎದ್ದು, "ನಮ್ಮ ತಮ್ಮ, 'ನನ್ನ ಬಾಚಣಿಗೆ ಯಾರು ಮುಟ್ಟಿದ್ದು?' ಅಂತಿದ್ದ" ಎಂದಳು. ಹಿಂದೆಯೇ ಒಬ್ಬ ಮುದುಕ, "ನಮ್ಮ ಮಗ, 'ಐದೇ ನಿಮಿಷ ಅಪ್ಪಾ' ಅಂತ ಮತ್ತೆ ಹೊದ್ಕೊಂಡು ಮಲಗೋನು" ಎಂದ. 'ಉಪ್ಪು ಕಮ್ಮಿ.' 'ಲೈಟ್ ಆರ್ಸೋ.' 'ಚಪ್ಪಲಿ ಎಲ್ಲಿ ಬಿಟ್ಟೆ?' ಕಲ್ಲಿನ ಹೆಸರುಗಳು ಒಂದೊಂದಾಗಿ ಎದ್ದು ಮನೆಯೊಳಗೆ ಓಡಾಡಿದ ಹಾಗಾಯಿತು. ಅಳುತ್ತಿದ್ದವರೂ ನಗುತ್ತಿದ್ದರು. ನಾನು ಒಂದೊಂದು ಹೆಸರಿಗೂ ಅದರ ಮಾತನ್ನು ಸೇರಿಸಿ ಓದುತ್ತಾ ಹೋದೆ.

ಆಗ ಹಿಂದಿನ ಸಾಲಿನಿಂದ ಒಂದು ಕೂಗು: "ಜೋರಾಗ್ ಹೇಳ್ರೀ, ಕೇಳಿಸ್ತಿಲ್ಲ!"

ನನಗೆ! ನನಗೆ ಹೇಳಿದರು ಆ ಮಾತನ್ನು!

ಕೊನೆಗೆ ಅಣ್ಣನ ಹೆಸರು ಉಳಿಯಿತು. ಎಲ್ಲರೂ ಅತ್ತಿಗೆಯ ಕಡೆ ತಿರುಗಿದರು. ಅವರು ಕೂತಲ್ಲಿಂದಲೇ, "ನಮ್ಮವರ ಮಾತು ನಮ್ಮನೇಲೇ ಇರ್ಲಿ" ಎಂದರು.

ಅದನ್ನು ನಾನು ಆಗಲೇ ಸ್ಟುಡಿಯೋದಲ್ಲಿ ಬಿಟ್ಟು ಬಂದಿದ್ದೆ!

ಮಾರ್ಚ್ ೧೭, ಸೋಮವಾರ

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಸ್ಟುಡಿಯೋದ ಮುಂದೆ ನಿಂತಿದ್ದೆ. "ಆ ಒಂದು ಮಾತು ತೆಗೆದುಬಿಡಿ. ಬರೀ ಉಸಿರು ಇರ್ಲಿ" ಎಂದು ಬೇಡಿಕೊಂಡೆ.

"ಶನಿವಾರವೇ ಕಳಿಸಿಬಿಟ್ವಲ್ಲ ಸಾರ್" ಎಂದರು ಮೀಟರಮ್ಮ.

ಅತ್ತಿಗೆಗೆ ಹೇಳಲು ಮೂರು ಸಲ ಅಡುಗೆಮನೆಗೆ ಹೋದೆ. ಮೂರು ಸಲವೂ ನೀರು ಕುಡಿದು ಬಂದೆ.

ಮಾರ್ಚ್ ೨೧, ಶುಕ್ರವಾರ

ವಕೀಲರು ಊರುಗೋಲು ಹಿಡಿದು ಕೆಳಗಿಳಿದು ಬಂದರು. ಜಗಳಕ್ಕೆಂದುಕೊಂಡೆ.

"ಹುಷಾರಿದ್ದೀರಾ? ವಾರದಿಂದ ಸದ್ದೇ ಇಲ್ಲ. ಡಾಕ್ಟರಿಗೆ ತೋರಿಸಿದ್ರಾ?"

"ಚೆನ್ನಾಗಿದ್ದೀನಿ."

"ಬೆಳಗ್ಗೆ ಏಳೋದಕ್ಕೇ ಆಗ್ತಿಲ್ಲ ನಂಗೆ. ನೀವು ಸಾಯೋ ಸದ್ದಿಗೇ ಏಳ್ತಿದ್ದೆ" ಎಂದರು, ದೂರುವವರಂತೆ. ಚಹಾ ಕುಡಿದು ಹೋದರು. ಒಳ್ಳೆಯ ಮನುಷ್ಯ. ಹನ್ನೆರಡು ವರ್ಷದಲ್ಲಿ ನಾವು ಮಾತಾಡಿದ್ದು ಇದೇ ಮೊದಲು.

ಏಪ್ರಿಲ್ ೪, ಶುಕ್ರವಾರ

ಚಿತ್ರ ಇಂದು ಬಿಡುಗಡೆ. ನಾನು ಬಾಯಿಬಿಡುವ ಮೊದಲೇ ಅತ್ತಿಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀವು ಯುದ್ಧದ ಸಿನಿಮಾ ನೋಡಲ್ವಲ್ಲ?"

"ಯುದ್ಧ ನೋಡೋಕಲ್ಲ, ನೀನು ಹೇಗೆ ಸಾಯ್ತೀಯ ನೋಡೋಕೆ. ನಡಿ, ಮ್ಯಾಟ್ನಿಗೆ ಹೊತ್ತಾಯ್ತು."

ಚಿತ್ರಮಂದಿರ ಅರ್ಧ ತುಂಬಿತ್ತು. ಸುಬೇದಾರ ಹುಡುಗರನ್ನು ಗದರಿಸಿದಾಗ ಜನ ನಕ್ಕರು. ಅತ್ತಿಗೆಯೂ ನಕ್ಕರು, "ಇದು ನೀನೇ" ಎಂದು ಮೊಣಕೈಯಿಂದ ತಿವಿದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಗುಡ್ಡ ಬಂತು. ಒಬ್ಬೊಬ್ಬನೇ ಹುಡುಗ ಬಿದ್ದ. ಓದು ಬಾರದವನ ಜೇಬಿನಿಂದ ಆ ಪತ್ರ ಹೊರಗಿಣುಕಿದಾಗ ಅತ್ತಿಗೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ಕಂದಕ ಬಂತು. ಫೋನು ಬಂತು. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನ್ನದೇ ಧ್ವನಿ, ಗುರುತು ಸಿಗದಷ್ಟು ಸಣ್ಣಗೆ, ಪರದೆಯಿಂದ ಕೇಳಿತು:

"ಇಡ್ಲಾ?"

ಅತ್ತಿಗೆಯ ಬಲಗೈ ತಾನಾಗಿ ಮೇಲೆದ್ದು ಕಿವಿಯ ಮೇಲೆ ಕೂತಿತು, ಹೆಡ್‌ಫೋನ್ ಒತ್ತಿ ಹಿಡಿದವರ ಹಾಗೆ. ಹಾಗೆಯೇ ಕಾದರು. ಪರದೆಯ ಮೇಲೆ ಸುಬೇದಾರನ ಬಾಯಿ ತೆರೆದೇ ಇತ್ತು. ಆಮೇಲೆ ಅವರ ತುಟಿ ಅಲ್ಲಾಡಿತು. ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ದೀಪ ಹತ್ತಿತು. ನನ್ನ ಕನ್ನಡಕ ಪೂರ್ತಿ ಮಂಜಾಗಿತ್ತು. ಆ ಚಿತ್ರಮಂದಿರದಲ್ಲಿ ಏಸಿ ಬಹಳ ಜೋರು. ಅತ್ತಿಗೆಯ ಮುಖದ ಕಡೆ ನೋಡಲು ಧೈರ್ಯ ಸಾಲದೆ ಅವರ ಚಪ್ಪಲಿ ನೋಡುತ್ತಾ ಕೂತೆ.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗೊರೆಸಿಕೊಳ್ಳುತ್ತಾ ಗಂಡನನ್ನು ಕೇಳುತ್ತಿದ್ದಳು, "ಕೊನೇಲಿ ಏನಂದ್ರೀ ಅವನು?"

"ಏನೋ ಅಂದ. ಕೇಳಿಸ್ಲಿಲ್ಲ ಬಿಡು."

ಅತ್ತಿಗೆ ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರು. ಕೆನ್ನೆಯೆಲ್ಲ ಒದ್ದೆ, ಬಾಯಿತುಂಬ ನಗು. ಇಡೀ ಜನ್ಮದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಿಂದಿನ ಸಾಲಿಗಿರಲಿ, ಗೇಟಿನಲ್ಲಿ ನಿಂತ ಟಿಕೆಟ್ ಹರಿಯುವವನಿಗೂ ಕೇಳಿಸಿರಬೇಕು.

"'ಇಡ್ಲಾ' ಅಂತ ಕೇಳಿದ್ರು ಕಣಮ್ಮಾ. ನಾನು 'ಇಡಿ' ಅಂದೆ."